ಪಿ-7, ಪುರುಷ, ಗ್ರಾಮೀಣ

ಪೆಟ್ಟು, ಕಾಯಿಲೆಯ ನಂತರದ ಪುನರ್ವಸತಿಯ ಬಗ್ಗೆ ನಡೆಯುವ ಗುಣಾತ್ಮಕ ಸಂಶೋಧನೆಯ, ಅಂದರೆ ಅಂಕಿಗಳ ಬದಲು ಜನರ ಮಾತನ್ನು ಆಧರಿಸಿದ ಸಂಶೋಧನೆಯ ಮೇಲೆ ನನಗೆ ಗೌರವವೂ ಇದೆ, ತಕರಾರೂ ಇದೆ. ಗೌರವದ ಮಾತನ್ನು ಮೊದಲು ಹೇಳುತ್ತೇನೆ. ಫಿಸಿಯೋಥೆರಪಿಯವರಾದ ನಾವು, ರೋಗಿ ದಿನನಿತ್ಯದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾನೇ ಮಾಡಿಕೊಳ್ಳಬಲ್ಲ ಎಂದು ಅಳೆಯಲು ಇಂದಿಗೂ ಬಳಸುವ ಬಾರ್ತೆಲ್ ಸೂಚ್ಯಂಕ 1965ರದ್ದು. ಊಟ, ಸ್ನಾನ, ಶೌಚ, ಮೆಟ್ಟಿಲು ಎಂದು ಹತ್ತು ಬಾಬತ್ತು, ಒಟ್ಟು ನೂರು ಅಂಕ. ಸಾಗರದ ಕಡೆಯ ಕೊನೆಗೌಡರೊಬ್ಬರು, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊಂಚಲು) ಇಳಿಸುವವರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿ, ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡರು. ಈಗ ಗಾಲಿಕುರ್ಚಿಯಲ್ಲಿದ್ದಾರೆ, ಅಂಕವೇನೋ ಪರವಾಗಿಲ್ಲ. ಆದರೆ ಅಂಗಳ ದಾಟಿದರೆ ತೋಟಕ್ಕೆ ಇಳಿಯುವಲ್ಲಿ ಕಾಲುಸಂಕವಿದೆ (ನಡೆದು ದಾಟುವ ಕಿರುಸೇತುವೆ), ಗಾಲಿಕುರ್ಚಿ ಅಲ್ಲಿಗೇ ನಿಲ್ಲುತ್ತದೆ. ಆ ಪಟ್ಟಿ ಇದನ್ನು ಕೇಳುವುದಿಲ್ಲ. ಕೇಳುವವರು ಬೇಕು, ಅದಕ್ಕೇ ಸಂದರ್ಶನ.

ತಕರಾರು ಇರುವುದು ಕೇಳಿಸಿಕೊಂಡ ನಂತರದ ಕೆಲಸದ ಬಗ್ಗೆ. ವಿದ್ಯಾರ್ಥಿನಿಯೊಬ್ಬಳು ಈ ಕೊನೆಗೌಡರನ್ನು ಮಾತನಾಡಿಸಲು ಬಂದಿದ್ದಳು, ನಾನೂ ಜಗಲಿಯಲ್ಲಿ ಕೂತಿದ್ದೆ. ಮಾತು ಬಹುಪಾಲು ಮರದ ಮೇಲಿನದೇ. ನೆಲಕ್ಕಿಳಿಯದೆ ಮರವನ್ನು ಬಾಗಿಸಿ ಪಕ್ಕದ ಮರ ಹಿಡಿಯುವುದು ಹೇಗೆ, ಕೆಳಗೆ ಹಗ್ಗ ಹಿಡಿದವನು ಅಳ್ಳಕ ಬಿಟ್ಟರೆ ಅಡಿಕೆ ಕೊನೆ ಏನಾಗುತ್ತದೆ, ಇಂಥವು. ನಡುವೆ ಒಮ್ಮೆ, “ಆಗಿದ್ದು ಆಯಿತು, ಈಗ ಒಗ್ಗಿಹೋಗಿದೆ” ಎಂದರು. ಹಾಗೆಂದವರೇ ಹೆಂಡತಿಯ ಕಡೆ ತಿರುಗಿ, “ಆ ಕಿಟಕಿ ಹಾಕು ಮಾರಾಯ್ತಿ” ಎಂದರು. ಹೊರಗೆ ಪಕ್ಕದ ತೋಟದಲ್ಲಿ ಕೊನೆಕೊಯ್ಲು ನಡೆದಿತ್ತು, ಮರದ ಮೇಲಿನವನ ಕೂಗು ಒಳಗೆ ಕೇಳುತ್ತಿತ್ತು.

ಆಕೆಯ ಪ್ರಬಂಧದಲ್ಲಿ “ಹೊಸ ಬದುಕಿಗೆ ಹೊಂದಾಣಿಕೆ” ಎಂಬ ಶೀರ್ಷಿಕೆಯ ಕೆಳಗೆ ಆ ಮೊದಲ ವಾಕ್ಯ ಕೂತಿದೆ. ಮುಂದೆ ಪಿ-7, ಪುರುಷ, ಗ್ರಾಮೀಣ; ಪಿ-7 ಎಂದರೆ ಭಾಗವಹಿಸಿದವರಲ್ಲಿ ಏಳನೆಯವರು, ಹೆಸರಿನ ಬದಲಿಗೆ. ಕಿಟಕಿಯ ಮಾತಿದ್ದ ಜಾಗದಲ್ಲಿ “ಅಡಚಣೆ” ಎಂದಷ್ಟೇ ಬರೆದ ಟಿಪ್ಪಣಿ. ನನ್ನ ಮಟ್ಟಿಗೆ ಅಂದಿನ ಸಂದರ್ಶನದ ಸಾರವೆಲ್ಲ ಆ ಅಡಚಣೆಯಲ್ಲೇ ಇತ್ತು.

ಹುಡುಗಿಯನ್ನು ದೂರುವುದಿಲ್ಲ. ಎಷ್ಟು ಜನರನ್ನು ಮಾತನಾಡಿಸಿದೆ ಎಂದು ಎಲ್ಲರೂ ಕೇಳುತ್ತಾರೆ, ಒಬ್ಬರ ಬಳಿ ಎಷ್ಟು ಹೊತ್ತು ಕೂತೆ ಎಂದು ಕೇಳುವವರು ಕಡಿಮೆ. ಆದರೆ ಸಂದರ್ಶನದ ಅರ್ಥ ಬಿಡಿಸುವ ವಿಧಾನಗಳನ್ನು ಕಟ್ಟಿದವರು ಹೀಗೆ ಮಾಡಿ ಎಂದಿರಲಿಲ್ಲ. ಮೊದಲ ಮಳೆಗೆ ಅಣಬೆ ಏಳುವ ಹಾಗೆ ವಿಷಯಗಳು ಮಾತಿನೊಳಗಿಂದ ತಾವೇ ಏಳುವುದಿಲ್ಲ, ಸಂಶೋಧಕರೇ ಅವನ್ನು ರೂಪಿಸುತ್ತಾರೆ ಎಂಬುದು 2006ರಲ್ಲಿ ಬ್ರೌನ್ ಮತ್ತು ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು ಹೇಳಿದ್ದರ ತಾತ್ಪರ್ಯ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೊನಾಥನ್ ಸ್ಮಿತ್ ಅವರ ವಿಧಾನದಲ್ಲಂತೂ ಒಬ್ಬರ ಅನುಭವವನ್ನು ಪೂರ್ತಿ ಬಿಡಿಸಿ ನೋಡಿದ ಮೇಲೆಯೇ ಮುಂದಿನವರ ಸರದಿ. ಇವರ ಹೆಸರನ್ನು ಉಲ್ಲೇಖಿಸಿ ಮಾತನ್ನು ಕತ್ತರಿಸಿ ಹಂಚುವುದು ಈಗ ರೂಢಿಯಾಗಿದೆ.

ಒಬ್ಬರ ಕಥೆಯಿಂದ ಏನು ಸಾಬೀತಾಗುತ್ತದೆ ಎಂದು ಕೇಳುವವರಿದ್ದಾರೆ. ಸಮಾಜಶಾಸ್ತ್ರಜ್ಞ ಮೈಕೆಲ್ ಬರಿ ಇಂಗ್ಲೆಂಡಿನಲ್ಲಿ ರುಮಟಾಯ್ಡ್ ಸಂಧಿವಾತವಿದ್ದ 30 ಜನರ ಜೊತೆ ಕೂತು ಮಾತನಾಡಿದ್ದರು. ದೀರ್ಘ ಕಾಯಿಲೆ ಬದುಕಿನ ಕಥೆಯನ್ನೇ ನಡುವೆ ತುಂಡರಿಸುತ್ತದೆ ಎಂದು 1982ರಲ್ಲಿ ಅವರು ಬರೆದದ್ದು ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಆದರೆ ಸಂಧಿವಾತ ಮೆಲ್ಲಗೆ ಬರುವ ಕಾಯಿಲೆ, ನಮ್ಮ ಕೊನೆಗೌಡರು ಬಿದ್ದದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ. ಬರಿಯವರ ಮಾತು ಇಲ್ಲಿ ಎಷ್ಟು ಹೊಂದುತ್ತದೆ ಎಂದು ಈ ಮನುಷ್ಯನನ್ನು ನೋಡಿಯೇ ತೀರ್ಮಾನಿಸಬೇಕು.

ಇನ್ನೊಂದು, ಕಾಲ. ಆಷಾಢದ ಮಳೆ ಹೊಯ್ಯುವಾಗ ಇದೇ ಮನುಷ್ಯ, “ಈ ಮಳೆಯಲ್ಲಿ ಮರ ಹತ್ತುವುದು ತಪ್ಪಿತಲ್ಲ ಡಾಕ್ಟರೇ” ಎಂದು ನಗುತ್ತಾರೆ. ಕೊಯ್ಲು ಶುರುವಾದರೆ ನಾನು ಹೇಳಿಕೊಟ್ಟ ವ್ಯಾಯಾಮವೂ ಇಲ್ಲ, ಮಾತೂ ಇಲ್ಲ. ಬೇಯಿಸಿ ಒಣಗಿಸಿದ ಅಡಿಕೆ ಅಂಗಳಕ್ಕೆ ಬಂದಾಗ ಆರಿಸಲು ಕೂತು ಮತ್ತೆ ಎಲ್ಲರನ್ನೂ ಕೆಣಕುತ್ತಾರೆ. ಒಮ್ಮೆ ಬಂದು ಹೋದವರಿಗೆ ಇದರಲ್ಲಿ ಒಂದೇ ಮುಖ ಸಿಗುತ್ತದೆ. ಅದೂ ಹೆಚ್ಚಾಗಿ ಮಳೆ ನಿಂತ ಮೇಲಿನದು, ಜುಲೈಯಲ್ಲಿ ನಮ್ಮ ಕಡೆಗೆ ಬರುವ ಉತ್ಸಾಹ ಯಾರಿಗಿದೆ!

ಹಾಗಾಗಿ ಎರಡು ಕಾಲದಲ್ಲಿ ಹೋಗಿ, ಒಬ್ಬರ ಕಥೆಯನ್ನಾದರೂ ತುಂಡು ಮಾಡದೆ ಬರೆಯಿರಿ ಎನ್ನುತ್ತೇನೆ. ಇದರಲ್ಲೊಂದು ತೊಡಕಿದೆ. ಮರದಿಂದ ಬಿದ್ದ ಕೊನೆಗೌಡರೆಂದರೆ ಹೆಸರು ಮುಚ್ಚಿಟ್ಟರೂ ಸುತ್ತಲಿನ ಊರಿಗೆಲ್ಲ ಗೊತ್ತಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಬೀಳುವುದು ಮಾತಿಗೆ ಮೊದಲೇ, ಏನು ಹೇಳಲಿದ್ದೇನೆ ಎಂಬುದು ಹೇಳುವವರಿಗೂ ತಿಳಿಯದಿರುವಾಗ. ಬರೆದದ್ದನ್ನು ಅವರ ಮುಂದೆ ಓದಿ ಇನ್ನೊಮ್ಮೆ ಕೇಳಬೇಕು. ಬೇಡವೆಂದರೆ ಆ ಪುಟವನ್ನು ತೆಗೆಯಬೇಕು, ಇಡೀ ಪ್ರಬಂಧದಲ್ಲಿ ಓದುವಂಥದ್ದು ಅದೊಂದೇ ಆಗಿದ್ದರೂ.