ಬನಾರಸ್‌ನಲ್ಲಿ ಇಳಿದ ಮಾವ, ವಾರಾಣಸಿಯಲ್ಲಿ ಕಾದ ಅಳಿಯ

ಕೆಲಸ ಸಿಕ್ಕಿ ನಾನು ಇಲ್ಲಿಗೆ ಬಂದಾಗ ಅಮ್ಮ ಬೀದಿಯಲ್ಲೆಲ್ಲ "ಮಗ ಕಾಶಿಗೆ ಹೋದ" ಅಂತ ಹೇಳಿಬಿಟ್ಟರು. ಪಕ್ಕದ ಮನೆ ಅಜ್ಜಿಗೆ ಗಾಬರಿ. "ಯಾಕಪ್ಪಾ, ಇಷ್ಟು ಬೇಗ ಸಂಸಾರ ಬೇಜಾರಾಯ್ತಾ?" ಅಂತ ಫೋನ್‌ನಲ್ಲೇ ವಿಚಾರಿಸಿಕೊಂಡರು. ಮದುವೆ ಮನೆಯಲ್ಲಿ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಡುವವರು ನಾವು, ಅಜ್ಜಿಯದೇನು ತಪ್ಪು?

ನನ್ನ ಆಫೀಸಿನ ಕಾಗದದಲ್ಲಿರುವುದು ವಾರಾಣಸಿ. ವರುಣಾ, ಅಸಿ ಎರಡು ಹೊಳೆಗಳ ನಡುವಿನ ಊರು ಅಂತ ಅರ್ಥ ಹೇಳುತ್ತಾರೆ. ಹಳೆಯ ಹೆಸರೇ, ಆದರೆ ಸರ್ಕಾರಿ ಹೆಸರಾದದ್ದು 1956ರಲ್ಲಿ. ಬೀದಿಯಲ್ಲಿ ಮಾತ್ರ ಜನ ಬನಾರಸ್ ಅನ್ನುವುದೇ ಜಾಸ್ತಿ. ಸೀರೆ, ಪಾನ್, ಹರಟೆ ಎಲ್ಲ ಬನಾರಸ್‌ನದು. ದೇವರು, ಸಾವು, ಮುಕ್ತಿಯ ಮಾತು ಬಂದರೆ ಕಾಶಿ. ಒಬ್ಬನೇ ಮನುಷ್ಯ ಒಂದೇ ಮಾತಿನಲ್ಲಿ ಮೂರನ್ನೂ ಬಳಸುತ್ತಾನೆ, ಯಾರೂ ತಿದ್ದುವುದಿಲ್ಲ. ಇಲ್ಲಿನ ದೊಡ್ಡ ವಿಶ್ವವಿದ್ಯಾಲಯವನ್ನೇ ನೋಡಿ. ಇಂಗ್ಲಿಷಿನಲ್ಲಿ ಬನಾರಸ್, ಹಿಂದಿಯಲ್ಲಿ ಕಾಶಿ. ಅದರ ಮೊದಲ ಕುಲಾಧಿಪತಿ (ಚಾನ್ಸೆಲರ್) ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಅಂತ ಸಹೋದ್ಯೋಗಿಗಳಿಗೆ ಹೇಳಿ ಆಗಾಗ ಬೀಗುತ್ತೇನೆ, ಇರಲಿ.

ನಮ್ಮ ಕಡೆ ಇಷ್ಟು ಸಲೀಸಿಲ್ಲ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾದಾಗ ನನಗೂ ಖುಷಿಯಾಗಿತ್ತು. ಬೆಂಗಳೂರು, ಮೈಸೂರು ನಾವು ಮೊದಲಿಂದಲೂ ಅನ್ನುತ್ತಿದ್ದದ್ದೇ, ಇಂಗ್ಲಿಷ್ ಕಾಗುಣಿತ ಸರಿಹೋಯಿತು ಅಷ್ಟೆ. ಆದರೆ ಬಿಜಾಪುರದ ಕಥೆ ಬೇರೆ. ಅಲ್ಲಿ ಬದಲಾದದ್ದು ಕನ್ನಡಿಗರ ಬಾಯಲ್ಲೇ ಇದ್ದ ಹೆಸರು. ಈಗ ಬಾಯಿತಪ್ಪಿ ಬಿಜಾಪುರ ಅಂದರೆ ಗೆಳೆಯರು ತಕ್ಷಣ "ವಿಜಯಪುರ ಅನ್ನು" ಅಂತ ತಿದ್ದುತ್ತಾರೆ. ಬೋರ್ಡಿನಲ್ಲಿ ವಿಜಯಪುರ ಇರಲಿ, ಬೇಡ ಅನ್ನುವುದಿಲ್ಲ. ಗೋಲಗುಮ್ಮಟ ತೋರಿಸಲು ಬಿಜಾಪುರಕ್ಕೆ ಕರೆದೊಯ್ಯುತ್ತಿದ್ದ ನಮ್ಮಜ್ಜನ ಬಾಯನ್ನೂ ತಿದ್ದಬೇಕಾ? ಹಳೇ ಊರಿಗೆ ಎರಡು ಹೆಸರು ಭಾರವಾಗುತ್ತದಾ?

ಹಾಗಂತ ಇಲ್ಲಿನ ಪದ್ಧತಿಯಲ್ಲಿ ಕಷ್ಟವೇ ಇಲ್ಲ ಅನ್ನಲಾರೆ. ಇಲ್ಲಿ ವಾರಾಣಸಿ ಜಂಕ್ಷನ್ ಒಂದು ಸ್ಟೇಷನ್, ಕಾಶಿ ಇನ್ನೊಂದು. ಮಂಡುವಾಡೀಹ್ ಅಂತ ಇದ್ದ ಮತ್ತೊಂದು 2021ರಲ್ಲಿ ಬನಾರಸ್ ಆಯಿತು. ಕಳೆದ ಸಲ ಮಾವನವರು ಬಂದಾಗ ನಾನು ಜಂಕ್ಷನ್‌ನಲ್ಲಿ ಮುಕ್ಕಾಲು ಗಂಟೆ ಕಾದೆ. ಫೋನ್ ಬಂತು: "ಬನಾರಸ್ ಅಂತ ಇಷ್ಟು ದೊಡ್ಡ ಬೋರ್ಡಿದೆ, ಅದರ ಕೆಳಗೇ ನಿಂತಿದ್ದೀನಿ. ನೀವೆಲ್ಲಿ ಅಳಿಯಂದಿರೇ?"

ಮುಂದಿನ ತಿಂಗಳು ಮತ್ತೆ ಬರುತ್ತಿದ್ದಾರೆ. ಈ ಸಲ ಟಿಕೆಟ್ಟಿನ ಫೋಟೋ ಮೊದಲೇ ತರಿಸಿಕೊಂಡಿದ್ದೇನೆ.