ಡೇಟ್ ಮುಗಿಯುವುದರೊಳಗೆ

ಮೆಡಿಕಲ್ ಶಾಪಿನ ಮುಂದೆ ಕನ್ನಡಕ ಹಣೆಗೇರಿಸಿ, ಮಾತ್ರೆಯ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಎಕ್ಸ್‌ಪೈರಿ ಡೇಟ್ ಹುಡುಕುವ ಅಜ್ಜಂದಿರನ್ನು ಕಂಡು ನಗಬೇಡಿ. ಅಮೆರಿಕದ ಅರ್ಕಾನ್ಸಾ ರಾಜ್ಯ ಸರ್ಕಾರವೂ ಅದೇ ಜಾತಿ. 2017ರ ಏಪ್ರಿಲ್‌ನಲ್ಲಿ ಅದರ ಜೈಲಿನಲ್ಲಿದ್ದ, ಮರಣದಂಡನೆಯ ಸೂಜಿಗೆ ಬಳಸುವ ಮಿಡಾಜೊಲಾಂ ಎಂಬ ಮತ್ತಿನ ಮದ್ದು ತಿಂಗಳ ಕೊನೆಗೆ ಡೇಟ್ ಮುಗಿಯುವುದರಲ್ಲಿತ್ತು. ಹೊಸ ಸ್ಟಾಕ್ ಬರುವ ನಂಬಿಕೆಯಿಲ್ಲ. ಸರಿ, 11 ದಿನದಲ್ಲಿ 8 ಮಂದಿಯ ಮರಣದಂಡನೆಗೆ ಮುಹೂರ್ತ ಇಟ್ಟರು. ಮಾವಿನಹಣ್ಣು ಕೊಳೆಯುವ ಮುಂಚೆ ಸೀಕರಣೆ ಮಾಡಿ ಮುಗಿಸುವ ಲೆಕ್ಕ. ಡೇಟ್ ಮುಗಿದ ಔಷಧಿ ಆರೋಗ್ಯಕ್ಕೆ ಒಳ್ಳೆಯದಲ್ಲ, ನೋಡಿ! ಕೋರ್ಟುಗಳು ಅಡ್ಡ ಬಂದು ಲೆಕ್ಕ ನಾಲ್ಕಕ್ಕೆ ನಿಂತಿತು. ಇನ್ನೊಂದು ಮದ್ದು ಪೂರೈಸಿದ್ದ ಕಂಪನಿಯಂತೂ ತನಗೆ ಸುಳ್ಳು ಹೇಳಿ ಖರೀದಿಸಿದ್ದಾರೆ, ಮಾಲು ವಾಪಸ್ ಕೊಡಿಸಿ ಎಂದು ಕೋರ್ಟಿನ ಬಾಗಿಲು ಬಡಿದಿತ್ತು.

ಈ ಬರ ಶುರುವಾದದ್ದು ಇದೇ ಸೂಜಿಗೆ ಬಳಸುತ್ತಿದ್ದ, ಪ್ರಜ್ಞೆ ತಪ್ಪಿಸುವ ಥಯೋಪೆಂಟಾಲ್‌ನಿಂದ. ಅಮೆರಿಕಕ್ಕೆ ಅದನ್ನು ಪೂರೈಸುತ್ತಿದ್ದ ಏಕೈಕ ಕಂಪನಿ 2011ರಲ್ಲಿ ಕೈ ತೊಳೆದುಕೊಂಡಿತು. ಯುರೋಪೂ ರಫ್ತಿಗೆ ಬೀಗ ಹಾಕಿತು. ಅದಕ್ಕೂ ಮುಂಚೆಯೇ ಅರಿಜೋನಾ ಲಂಡನ್ನಿನ ಒಂದು ಅಂಗಡಿಯಿಂದ ತರಿಸಿಕೊಂಡಿತ್ತು. ಅಂಗಡಿ ಅಂದರೆ, ಡ್ರೈವಿಂಗ್ ಸ್ಕೂಲೊಂದರ ಹಿಂದಿನ ಕೋಣೆ. ಮುಂದೆ ಕ್ಲಚ್ ಬಿಡುವುದು ಕಲಿಸುತ್ತಾರೆ, ಹಿಂದೆ ಪ್ರಾಣ ಬಿಡಿಸುವ ಸರಕು.

ಒಕ್ಲಹೋಮಾದ್ದು ನಮ್ಮೂರ ಮೆಡಿಕಲ್ ಶಾಪಿನದೇ ಕತೆ. "ಅದಿಲ್ಲ ಸಾರ್, ಸೇಮ್ ಕಂಟೆಂಟ್, ಬೇರೆ ಕಂಪನಿದು ಕೊಡ್ಲಾ?" 2015ರ ಜನವರಿಯಲ್ಲಿ ಒಬ್ಬ ಕೈದಿಗೆ, ಹೃದಯ ನಿಲ್ಲಿಸುವ ಪೊಟ್ಯಾಸಿಯಂ ಕ್ಲೋರೈಡ್ ಬದಲು ಪೊಟ್ಯಾಸಿಯಂ ಅಸಿಟೇಟ್ ಚುಚ್ಚಿಬಿಟ್ಟರು. ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬನ ಸರದಿ ಬಂದಾಗ ಮತ್ತೆ ಅಸಿಟೇಟೇ ಬಂದಿತ್ತು. ಆಗ ಯಾರೋ ಲೇಬಲ್ ಓದಿದರು, ಅವನು ಉಳಿದ.

ನೆಬ್ರಾಸ್ಕದ ವ್ಯವಹಾರ ಮಾತ್ರ ನಮ್ಮ ದೇಶಕ್ಕೇ ತಳುಕು ಹಾಕಿಕೊಂಡಿದೆ. 2015ರಲ್ಲಿ ಇಂಥ ಮದ್ದಿಗೆಂದು ಕೋಲ್ಕತ್ತದ ಒಬ್ಬ ಮಧ್ಯವರ್ತಿಗೆ 54,400 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಮೂವತ್ತು ಲಕ್ಷ ರೂಪಾಯಿಗೂ ಮೇಲೆ, ಮುಂಗಡವಾಗಿಯೇ ಎಣಿಸಿತು. ಪಾರ್ಸೆಲ್ ಭಾರತ ಬಿಟ್ಟು ಕದಲಲಿಲ್ಲ. ಕಾಗದಪತ್ರ ಸರಿಯಿಲ್ಲವೆಂದು ಕೊರಿಯರ್‌ನವರು ಹಿಂತಿರುಗಿಸಿದರು. ಅಷ್ಟರಲ್ಲಿ ಅಲ್ಲಿನ ಶಾಸನಸಭೆ ಮರಣದಂಡನೆಯನ್ನೇ ರದ್ದು ಮಾಡಿ ಕೂತಿತು. ದುಡ್ಡು ವಾಪಸ್ ಕೇಳಿದರೆ ನಮ್ಮವನು ಆಗಲ್ಲ ಅಂದ. ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ ಎಂಬ ಬೋರ್ಡು ನಮ್ಮಲ್ಲಿ ಯಾವ ಅಂಗಡಿಯಲ್ಲಿಲ್ಲ ಹೇಳಿ? ಇಲ್ಲಿ ಮಾಲು ಕೊಟ್ಟೇ ಇರಲಿಲ್ಲ, ಅದು ಬೇರೆ ಮಾತು.

2016ರಲ್ಲಿ ಮತದಾರರು ಮರಣದಂಡನೆಯನ್ನು ಮತ್ತೆ ತಂದರು. 2018ರ ಆಗಸ್ಟ್‌ನಲ್ಲಿ ನೆಬ್ರಾಸ್ಕ ಕಡೆಗೂ ಒಬ್ಬನಿಗೆ ಸೂಜಿ ಚುಚ್ಚಿತು. ಬಳಸಿದ್ದರಲ್ಲಿ ಒಂದು ಫೆಂಟನಿಲ್ ಎಂಬ ಅಮಲೇರಿಸುವ ನೋವುನಿವಾರಕ. ಅಮೆರಿಕದ ಊರೂರಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಅದೇ ಮಾಲು. ಎಲ್ಲಿಂದ ತಂದಿರಿ ಎಂದರೆ ಜೈಲಿನವರು ಬಾಯಿ ಬಿಡಲಿಲ್ಲ. ಬೀದಿಯಲ್ಲಿ ಪೊಟ್ಟಣ ಮಾರಿ ಸಿಕ್ಕಿಬೀಳುವ ಹುಡುಗರೂ ಪೊಲೀಸರಿಗೆ ಮೊದಲು ಮುಚ್ಚಿಡುವುದು ಅದನ್ನೇ, ಸಪ್ಲೈಯರ್ ಹೆಸರನ್ನು.