ಎರಡೂವರೆ ಗುಂಟೆಗೊಂದು ರೋಟವೇಟರ್

ರೆಡಿಂಗಿನ ನಮ್ಮ ಅಲಾಟ್‌ಮೆಂಟಿನಲ್ಲಿ ನನ್ನ ಪಾಲಿಗೆ ಬಂದಿರುವ ನೆಲ ಹತ್ತು ರಾಡ್. ಹಿತ್ತಿಲು ಸಾಲದವರು ತರಕಾರಿ ಬೆಳೆದುಕೊಳ್ಳಲೆಂದು ಇಂಗ್ಲೆಂಡಿನ ನಗರಸಭೆಗಳು ವರ್ಷದ ಗೇಣಿಗೆ ಕೊಡುವ ನೆಲವಿದು. ಕೇಳುವವರಿದ್ದರೆ ಒದಗಿಸಲೇಬೇಕೆಂದು 1908ರ ಕಾಯಿದೆ ಹೇಳುತ್ತದೆ, ಎಷ್ಟು ವರ್ಷ ಕಾಯಿಸಬಹುದೆಂಬುದನ್ನು ಮಾತ್ರ ಹೇಳುವುದಿಲ್ಲ. ಇಷ್ಟು ಆಧುನಿಕ ದೇಶದಲ್ಲಿ ಈ ನೆಲವನ್ನು ಇಂದಿಗೂ ರಾಡ್ ಲೆಕ್ಕದಲ್ಲೇ ಅಳೆಯುತ್ತಾರೆ. ನಾಲ್ಕು ಚದರ ರಾಡಿಗೆ ಸರಿಯಾಗಿ ಒಂದು ಗುಂಟೆಯಾಗುವುದರಿಂದ ಸಾಗರದಲ್ಲಿರುವ ಅಣ್ಣನಿಗೆ ನನ್ನ ಜಮೀನಿನ ವಿಸ್ತೀರ್ಣವನ್ನು ವಿವರಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ನಾನು ಕೊಂಡ ರೋಟವೇಟರಿನ, ಅಂದರೆ ತಿರುಗುವ ಬ್ಲೇಡುಗಳಿಂದ ಮಣ್ಣು ಕೊಚ್ಚುವ ಯಂತ್ರದ, ವಿಷಯ ತಿಳಿಸುವುದು.

“ಎರಡೂವರೆ ಗುಂಟೆಗೆ ರೋಟವೇಟರ್ ಯಾಕೋ ಮಾರಾಯ? ಅಷ್ಟಗಲದಲ್ಲಿ ನಮ್ಮ ಟ್ರ್ಯಾಕ್ಟರು ತಿರುಗೋಕೂ ಜಾಗ ಸಾಲಲ್ಲ.”

“ಇದು ಟ್ರ್ಯಾಕ್ಟರಿಗೆ ಕಟ್ಟೋದಲ್ಲ ಅಣ್ಣ, ಕೈಯಲ್ಲಿ ಹಿಡಿದು ನಡೆಸೋದು. ನನಗಿಂತ ಹಳೇದು.”

“ಹಾಗಾದ್ರೆ ನಿನಗಿಂತ ಮೊದಲೇ ಸುಸ್ತಾಗಿರುತ್ತೆ,” ಎಂದು ಅವನು ಫೋನಿಟ್ಟ.

ಅಣ್ಣನ ಮಾತು ಅರ್ಧ ನಿಜ. ಯಂತ್ರಕ್ಕೆ ಸುಸ್ತೆಂಬುದೇ ಇಲ್ಲ, ಹೊರಡುವುದಕ್ಕೆ ಮನಸ್ಸಿಲ್ಲ, ಅಷ್ಟೆ. ನಮ್ಮ ಅಪ್ಪನ ಸೀಮೆಎಣ್ಣೆ ಪಂಪ್‌ಸೆಟ್ಟಿನಂತೆ ಇದಕ್ಕೂ ಹಗ್ಗ ಸುತ್ತಿ ಎಳೆಯಬೇಕು. ಚೋಕ್ ಹಾಕಿ ಎಳೆದರೆ ಪೆಟ್ರೋಲು ಉಕ್ಕಿ ಪ್ಲಗ್ ಒದ್ದೆಯಾಗುತ್ತದೆ. ಚೋಕ್ ತೆಗೆದು ಎಳೆದರೆ ಗಂಟಲು ಸರಿಪಡಿಸಿಕೊಂಡ ಹಾಗೆ ಒಂದು ಸದ್ದು ಹೊರಡಿಸಿ ಸುಮ್ಮನಾಗುತ್ತದೆ. ಈ ಎಳೆದಾಟ ನಡೆಯುತ್ತಿರುವಾಗ, ಇಡೀ ವಾರ ಯಾರ ಮುಖವನ್ನೂ ನೋಡದೆ ಈರುಳ್ಳಿ ಸಾಲಿನ ಕಳೆ ಕೀಳುತ್ತಿರುವ ಸುತ್ತಮುತ್ತಲಿನ ಹಿರಿಯರೆಲ್ಲ ಒಬ್ಬೊಬ್ಬರಾಗಿ ಬಂದು ಬೇಲಿಯ ಬಳಿ ನಿಲ್ಲುತ್ತಾರೆ. ಕಿಡಿ ಹೊರಡಿಸುವ ಭಾಗಗಳಲ್ಲೇ ದೋಷವೆಂದು ಒಬ್ಬರು ಪಾಯಿಂಟ್ ಎನ್ನುತ್ತಾರೆ, ಇನ್ನೊಬ್ಬರು ಕಂಡೆನ್ಸರ್ ಎನ್ನುತ್ತಾರೆ, ಮೂರನೆಯವರು ಪೆಟ್ರೋಲಿನ ಮೇಲೆ ತಪ್ಪು ಹೊರಿಸುತ್ತಾರೆ. ಕೊನೆಯವರ ವಾದದಲ್ಲಿ ಹುರುಳಿದೆ. 2021ರ ಸೆಪ್ಟೆಂಬರಿನಿಂದ ಇಲ್ಲಿನ ಬಂಕುಗಳ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇರುತ್ತದೆ, ಅದು ಹಳೆಯ ರಬ್ಬರನ್ನು ಮೆಲ್ಲಗೆ ತಿಂದುಬಿಡುತ್ತದೆ. ನನ್ನ ಯಂತ್ರದ ಪೈಪು ಹಾಗೆ ಮೆತ್ತಗಾಗಿ ಬಾಯಿಬಿಟ್ಟದ್ದು ಕಾರಿನ ಹಿಂಭಾಗದಲ್ಲಿ ಸಾಗಿಸುತ್ತಿರುವಾಗಲೇ ಆದ್ದರಿಂದ, ಅಂದು ಸಂಜೆ ಒಂದು ಸೀಮಂತಕ್ಕೆ ಹೋದ ನಮ್ಮ ಮನೆಯವರೆಲ್ಲರೂ ರೇಷ್ಮೆಯುಟ್ಟು ಮಲ್ಲಿಗೆ ಮುಡಿದೂ ಪೆಟ್ರೋಲ್ ಬಂಕಿನ ಪರಿಮಳವನ್ನೇ ಬೀರುತ್ತಿದ್ದರು.

ಪೈಪು ಬದಲಿಸಲು ಬಿಚ್ಚಬೇಕಾಗಿದ್ದದ್ದು ಒಂದೇ ಒಂದು ನಟ್ಟು. 11 ಮಿಲಿಮೀಟರಿನ ಸ್ಪ್ಯಾನರು ಅದಕ್ಕೆ ಹೋಗಲಿಲ್ಲ. 12ರದು ಹೋಯಿತು, ಆದರೆ ನಟ್ಟನ್ನು ಅಲ್ಲೇ ಬಿಟ್ಟು ತಾನೊಂದೇ ತಿರುಗಿತು. ಬೇಲಿಯ ಪಕ್ಕದ ಹಿರಿಯರು ಮರುಕದಿಂದ ತಲೆಯಾಡಿಸಿ, ಇದು ವಿಟ್‌ವರ್ತ್ ಅಳತೆಯೆಂದರು. ಬ್ರಿಟಿಷರ ಈ ಹಳೆಯ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲೆ ಕಾಲು ಇಂಚು ಎಂದು ಬರೆದಿದ್ದರೆ ಅದರ ಬಾಯಿ ಕಾಲು ಇಂಚಿನದಲ್ಲ, ಅದಕ್ಕಿಂತ ಬಹಳ ಅಗಲ, ಬರೆದದ್ದು ಒಳಗಿನ ಬೋಲ್ಟಿನ ದಪ್ಪ. ಅಂದರೆ ನಟ್ಟು ಬಿಚ್ಚುವವನಿಗೆ ಕಣ್ಣಿಗೆ ಕಾಣುವುದನ್ನು ಬಿಟ್ಟು ಕಾಣದ್ದರ ಅಳತೆ ಗೊತ್ತಿರಬೇಕು. ಅದ್ವೈತಿಗಳಿಗೆ ಇದು ಸುಲಭವಿರಬಹುದು. ನಾನು ಹಳೆ ಸಾಮಾನಿನ ಸಂತೆಯಲ್ಲಿ ಅಲೆದು, ಯಂತ್ರದ ಅರ್ಧ ಬೆಲೆ ತೆತ್ತು ಒಂದು ಪೂರ್ಣ ಸೆಟ್ ತಂದೆ.

ಹೊರಟ ಮೇಲೆ ಯಂತ್ರದ ವೈಭವವೇ ಬೇರೆ. ಆಸ್ಟ್ರೇಲಿಯಾದ ಗಿಲ್ಗಾಂಡ್ರಾದಲ್ಲಿ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ಯುವಕ 1912ರಲ್ಲಿ ಅಪ್ಪನ ಜಮೀನಿನಲ್ಲಿ ಈ ಬಗೆಯ ಉಳುಮೆಯ ಪ್ರಯೋಗಕ್ಕೆ ಇಳಿದ. ಮೊದಮೊದಲು ಮಣ್ಣೆಲ್ಲ ಪಕ್ಕಕ್ಕೆ ಎರಚಿಹೋಗುತ್ತಿದ್ದುದರಿಂದ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಬಾಗಿದ ಬ್ಲೇಡುಗಳನ್ನು ಮಾಡಿ ಸರಿಪಡಿಸಿಕೊಂಡ. ಸಾಗರದಲ್ಲಿ ಅಣ್ಣ ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಗದ್ದೆಗೆ ಹೊಡೆಸುವ ರೋಟವೇಟರಿನಲ್ಲೂ ಆ ಬಾಗು ಹಾಗೆಯೇ ಉಳಿದಿದೆ. ನನ್ನದರಲ್ಲಿ ವ್ಯತ್ಯಾಸವೇನೆಂದರೆ, ಮುಂದೆ ಎಳೆಯುವುದಕ್ಕೆ ಬೇರೆ ಚಕ್ರವಿಲ್ಲ, ಮಣ್ಣು ಕೊಚ್ಚುವ ಬ್ಲೇಡುಗಳೇ ಯಂತ್ರವನ್ನು ಮುಂದಕ್ಕೂ ಒಯ್ಯುತ್ತವೆ. ಹಿಡಿಯನ್ನು ಒತ್ತಿದರೆ ಹಿಂದಿನ ಸಲಾಕೆ ನೆಲಕ್ಕೆ ನಾಟಿ, ಯಂತ್ರ ನಿಂತಲ್ಲೇ ಆಳಕ್ಕಿಳಿಯುತ್ತದೆ, ಸಡಿಲಬಿಟ್ಟರೆ ಓಡುತ್ತದೆ. ಇವೆರಡರ ನಡುವೆ ಹದವೊಂದಿದೆಯೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ನೆಲದಲ್ಲಿ ಹೆಜ್ಜೆಗೊಂದು ಚಕಮಕಿ ಕಲ್ಲಿರುವುದರಿಂದ ಹದ ಸಿಕ್ಕಿತೆನ್ನುವಷ್ಟರಲ್ಲಿ ಬ್ಲೇಡು ಕಲ್ಲಿಗೆ ತಾಗಿ, ಯಂತ್ರ ಒಂದು ನೆಗೆತ ನೆಗೆದು, ಕಾಲುದಾರಿ ದಾಟಿ, ಪಕ್ಕದವರ ಅವರೆ ಸಾಲಿನತ್ತ ಹೊರಡುತ್ತದೆ. ಕೈಬಿಟ್ಟೊಡನೆ ತಾನಾಗಿ ನಿಲ್ಲುವ ವ್ಯವಸ್ಥೆ ಆ ಕಾಲದವರಿಗೆ ಹೊಳೆದಿರಲಿಲ್ಲ. ಹಿಡಿದವನು ಹಿಂದೆ ಓಡಬೇಕು, ಓಡುತ್ತ ಕ್ಷಮೆ ಕೇಳಬೇಕು.

ಇಷ್ಟಾದರೂ ಮೊದಲ ಉಳುಮೆ ಮುಗಿದಾಗ ಮಣ್ಣು ರವೆಯ ಹದಕ್ಕೆ ಬಂದಿತ್ತು. ಹುಲ್ಲಿಲ್ಲ, ಹೆಂಟೆಯಿಲ್ಲ. ನಾನು ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಅವನು ಏನನ್ನೂ ಹೇಳದೆ, “ಗರಿಕೆ ಬೇರು ಆರಿಸಿದ್ಯೇನೋ?” ಎಂದಷ್ಟೇ ಕೇಳಿದ. ಇಲ್ಲಿ ಗರಿಕೆಯ ಜಾಗದಲ್ಲಿ ಬೈಂಡ್‌ವೀಡ್ ಎಂಬ ಬಳ್ಳಿಯಿದೆ. ಬಿಳಿಯ ಹೂ ನೋಡಲು ಲಕ್ಷಣವಾಗಿರುತ್ತದೆ, ಅದರ ಬಿಳಿಯ ಬೇರು ಬೆರಳುದ್ದ ಉಳಿದರೂ ಹೊಸ ಗಿಡವಾಗುತ್ತದೆ. ನೆಲದೊಳಗೆ ತನ್ನಷ್ಟಕ್ಕೆ ತಾನಿದ್ದ ಒಂದು ಬೇರನ್ನು ನನ್ನ ಯಂತ್ರ ತುಂಡುತುಂಡಾಗಿ ಕತ್ತರಿಸಿ, ಸಮನಾದ ಅಂತರದಲ್ಲಿ, ಹದವಾದ ಆಳದಲ್ಲಿ, ಎರಡೂವರೆ ಗುಂಟೆಗೂ ನಾಟಿ ಮಾಡಿಕೊಟ್ಟಿತ್ತು. ಜೂನ್ ಹೊತ್ತಿಗೆ ಆಲೂಗಡ್ಡೆಯ ಸಾಲು ಎಲ್ಲಿದೆಯೆಂದು ಹುಡುಕಬೇಕಾಯಿತು. ನಗರಸಭೆಯವರು ಕಳೆಯ ಬಗ್ಗೆ ಬರೆಯುವ ಎಚ್ಚರಿಕೆಯ ಪತ್ರವೂ ಅದೇ ತಿಂಗಳು ಬಂತು. ಬಹಳ ಸಭ್ಯವಾದ ಪತ್ರ.

ಅಲಾಟ್‌ಮೆಂಟಿನ ಬಾಗಿಲ ಹಲಗೆಯ ಮೇಲೆ, ಹಳೆಯ ರೋಟವೇಟರ್ ಮಾರಾಟಕ್ಕಿದೆ, ಜೊತೆಗೆ ಬೇಕಾದ ಸ್ಪ್ಯಾನರುಗಳೂ ಇವೆ ಎಂದು ಚೀಟಿ ಅಂಟಿಸಿದೆ. ಮೊದಲು ಬಂದವರು ಕಂಡೆನ್ಸರ್ ವಾದದ ಹಿರಿಯರು. ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಬಂದು, ಕಾರ್ಬ್ಯುರೇಟರನ್ನು ಮುಟ್ಟಿ ನೋಡಿ, ಇಂಥದ್ದು ಈಗ ಸಿಗುವುದಿಲ್ಲವೆಂದು ಮನಸಾರೆ ಹೊಗಳಿ, ಸ್ಪ್ಯಾನರುಗಳನ್ನಷ್ಟೇ ಕೊಂಡುಕೊಂಡು ಹೋದರು. ಈಗ ನಟ್ಟು ಸಡಿಲವಾದಾಗಲೆಲ್ಲ ನಾನು ಅವರ ಶೆಡ್ಡಿಗೆ ಹೋಗಿ ಕಾಲು ಇಂಚಿನದನ್ನು ಎರವಲು ತರುತ್ತೇನೆ, ಅವರು ಅದರ ಹಿಂದೆಯೇ ನಡೆದು ಬಂದು, ಹಿಂದಿರುಗಿಸುವವರೆಗೂ ಬೇಲಿಯ ಬಳಿ ನಿಂತಿರುತ್ತಾರೆ.